ಸಾವಧಾನಕ್ಕೂ ಮುಂಚಿನ ಉಸಿರು

ಮೊನ್ನೆ ಬೀರುವಿನಿಂದ ಕೋಟು ತೆಗೆದೆ. ನನ್ನ ಹತ್ತಿರ ಇರುವುದು ಒಂದೇ ಕೋಟು, ಅದು ಮದುವೆಗಳಿಗೆ ಮಾತ್ರ ಬಿಸಿಲು ಕಾಣುತ್ತದೆ. ಕಿಸೆಗೆ ಕೈ ಹಾಕಿದರೆ ಮೂಲೆಯಲ್ಲಿ ಗುಲಾಬಿ ಬಣ್ಣದ ಒಂದು ಜೋಳದ ಕಾಳು ಸಿಕ್ಕಿತು. ನನ್ನ ಮಗಳ ಮದುವೆಯ ಅಕ್ಷತೆಯ ಕಾಳು. ಬೇರೆ ಯಾವ ತಂದೆಯಾದರೂ ಅದನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದನೇನೋ. ನನಗೆ ಸಿಟ್ಟು ಬಂತು. ಅದೂ ಹಳೆಯ ಸಿಟ್ಟಲ್ಲ, ಈಗಷ್ಟೇ ಒಲೆಯಿಂದ ಇಳಿಸಿದಂಥ ಬಿಸಿ ಸಿಟ್ಟು.

“ಇನ್ನ ಕಾಳಿನ ಮ್ಯಾಲೂ ಸಿಟ್ಟ ಮಾಡ್ರಿ,” ಎಂದಳು ನನ್ನ ಹೆಂಡತಿ. “ಮನಷ್ಯಾರೆಲ್ಲಾ ಮುಗದ್ರಲ್ಲಾ.”

ನಾನು ಸಿಟ್ಟಾದದ್ದು ಕಾಳಿನ ಮೇಲಲ್ಲ. ಪ್ಲಗಿನ್ ಎಂಬ ವಸ್ತುವಿನ ಮೇಲೆ. ಪ್ಲಗಿನ್ ಎಂದರೆ ಏನು ಎಂದು ನೀವು ಕೇಳಿದರೆ ನಿಮ್ಮನ್ನು ಪುಣ್ಯವಂತರು ಎನ್ನುತ್ತೇನೆ. ನಾನು ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರ. ನನಗೂ ಅದು ಗೊತ್ತಿರಬೇಕಾದ ಕಾರಣ ಇರಲಿಲ್ಲ. ಕಂಪ್ಯೂಟರಿನಲ್ಲಿ ಹಾಡು ತುಂಬಿಸಿಕೊಂಡ ಮೇಲೆ ಆ ದನಿಗೆ ಒಂದರ ಹಿಂದೆ ಒಂದು ತೊಡಿಸುವ ಉಪಕರಣಗಳವು. ಕೈಗೆ ಸಿಗುವುದಿಲ್ಲ, ಪರದೆಯ ಮೇಲೆ ಗುಂಡಿಗಳಾಗಿ ಕಾಣುತ್ತವೆ. ಒಂದು ದನಿಯನ್ನು ತೆಳ್ಳಗೆ ಮಾಡುತ್ತದೆ, ಇನ್ನೊಂದು ನೇರ ಮಾಡುತ್ತದೆ, ಮತ್ತೊಂದು ಗುಮ್ಮಟದೊಳಗೆ ನಿಲ್ಲಿಸುತ್ತದೆ. ಎಲ್ಲ ಮುಗಿದ ಮೇಲೆ ಹಾಡಿದವರು ಯಾರು ಎಂದು ಹಾಡಿದವರೇ ಕೇಳಬೇಕಾಗುತ್ತದೆ. ಇದು ಉತ್ಪ್ರೇಕ್ಷೆಯಲ್ಲ, ನಮ್ಮ ಗಂಗಕ್ಕ ಹಾಗೆಯೇ ಕೇಳಿದಳು. ತಾಳಿ, ಅಲ್ಲಿಗೆ ಬರುತ್ತೇನೆ.

ಮೊದಲು ನಮ್ಮ ಕಡೆಯ ಮದುವೆಯ ಮಾತು. ಅಕ್ಷತೆಗೆ ನಾವು ಅಕ್ಕಿಕಾಳು ಎನ್ನುತ್ತೇವೆ. ಹೆಸರು ಅಕ್ಕಿಯದು, ಒಳಗೆ ಅರ್ಧಕ್ಕರ್ಧ ಬಣ್ಣ ಹಚ್ಚಿದ ಜೋಳ. “ಅಕ್ಕಿಕಾಳಿಗೆ ಬರ್ರಿ” ಎಂದರೆ ಮದುವೆಗೆ ಬನ್ನಿ ಎಂದು ಅರ್ಥ. ಕಾಳು ಬಿದ್ದರೆ ಮದುವೆಯಾಯಿತು. ವಧು ಒಂದು ಕಡೆ, ವರ ಒಂದು ಕಡೆ, ನಡುವೆ ಇಬ್ಬರು ಹಿಡಿದ ಅಂತರಪಟ. ಆಗ ಬಂಧುಗಳಲ್ಲಿ ದನಿ ಇದ್ದವರು ಮಂಗಲಾಷ್ಟಕ ಹಾಡುತ್ತಾರೆ. ಗಡಿ ಅಲ್ಲವೇ, ಒಂದು ನುಡಿ ಕನ್ನಡದಲ್ಲಿ, ಒಂದು ಮರಾಠಿಯಲ್ಲಿ. ವಧೂವರರ ಹೆಸರು, ಊರಿನ ಹೆಸರು, ಹೋಗಿಬಿಟ್ಟ ಅಜ್ಜನ ಹೆಸರು ಎಲ್ಲವನ್ನೂ ಅದರಲ್ಲಿ ಹೆಣೆಯುತ್ತಾರೆ. ಪ್ರತಿ ನುಡಿಯ ಕೊನೆಗೆ “ಶುಭಮಂಗಲ ಸಾವಧಾನ”. ಆಗ ಕಾಳು ಬೀಳಬೇಕು. ಕೊನೆಯ ಸಾವಧಾನಕ್ಕೆ ಪಟ ಸರಿಯಬೇಕು, ಸನಾದಿ ಊದಬೇಕು, ಹಲಗಿ ಬಡಿಯಬೇಕು.

ನಮ್ಮ ಬಳಗದಲ್ಲಿ ಹಾಡುವವಳು ಒಬ್ಬಳೇ, ನನ್ನ ಅಕ್ಕ ಗಂಗಕ್ಕ. ಭೋಜ್ ಎಂಬ ಊರಿಗೆ ಕೊಟ್ಟ ಹೆಣ್ಣು. ಚಿಕ್ಕೋಡಿಯಲ್ಲಿ ಮದುವೆಯಾಗಲಿ, ರಾಯಬಾಗದಲ್ಲಾಗಲಿ, ಕಾಗವಾಡದಲ್ಲಾಗಲಿ, ಮುಹೂರ್ತ ಹಿಡಿಯುವ ಮೊದಲು ಗಂಗಕ್ಕನಿಗೆ ಆ ದಿನ ಪುರಸೊತ್ತು ಇದೆಯೇ ಎಂದು ಕೇಳುತ್ತಿದ್ದರು. ದನಿ ಸಿಹಿಯಾಗಿತ್ತೇ? ಇಲ್ಲ. ಸುಳ್ಳು ಯಾಕೆ ಹೇಳಲಿ. ಭೋಜಿನ ತಂಬಾಕಿನ ಹೊಲದಲ್ಲಿ ಅಷ್ಟು ವರ್ಷ ದುಡಿದವಳ ದನಿ. ಬೀಸುವ ಕಲ್ಲಿನಂತೆ ಗರಗರ ಎನ್ನುತ್ತಿತ್ತು. ‘ಮಂಗಲ’ ಎನ್ನುವಾಗ ಸ್ವರ ಒಂದು ಮೆಟ್ಟಿಲು ಕೆಳಗೆ ಜಾರುತ್ತಿತ್ತು. ಅದು ನಮ್ಮ ಅಜ್ಜಿಯಿಂದ ಬಂದ ಜಾರು. ಆದರೆ ದನಿಗಿಂತ ಮುಖ್ಯ ಇನ್ನೊಂದು ಇತ್ತು. ‘ಶುಭಮಂಗಲ’ಕ್ಕೆ ಮುಂಚೆ ಆಕೆ ಉಸಿರು ಎಳೆದುಕೊಳ್ಳುತ್ತಿದ್ದಳು. ಸಣ್ಣ ಉಸಿರಲ್ಲ. ತುಂಬಿದ ಕೊಡ ಮೇಲೆ ಬರುವಾಗ ರಾಟೆಯ ಮೇಲೆ ಹಗ್ಗ ಸರಿಯುವಂತೆ, ಹ್ಹಾಂ ಎಂದು ಹೊಟ್ಟೆಯ ತಳದಿಂದ.

ಆ ಉಸಿರನ್ನು ನಾನು ಕೇಳುತ್ತ ಬಂದದ್ದು ಎಷ್ಟು ಹಿಂದಿನಿಂದ ಎಂದರೆ, ಆಗ ನನಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಹಿತ್ತಲಿನಲ್ಲಿ ಗೊಂಬೆಗಳ ಮದುವೆ. ಗೊಂಬೆ ಎಂದರೆ ಜೋಳದ ದಂಟಿಗೆ ಚಿಂದಿ ಸುತ್ತಿದ್ದು. ನಾನು ಅಪ್ಪನ ಟವೆಲನ್ನು ಅಂತರಪಟವಾಗಿ ಹಿಡಿದು ನಿಲ್ಲಬೇಕು. ಕೈ ನೋಯುತ್ತದೆ ಎಂದರೆ, “ಮದಿವಿ ಮುಗಿಯೂತನಕಾ ಕೈ ಇಳಸಿದ್ರ ಗಂಡು ಸಾಯ್ತಾನ ಬಾಳ್ಯಾ,” ಎಂದು ಹೆದರಿಸುತ್ತಿದ್ದಳು. ಬಾಳಪ್ಪ ಎಂಬ ನನ್ನ ಹೆಸರನ್ನು ಇವತ್ತಿಗೂ ಆಕೆ ಪೂರ್ತಿ ಹೇಳಿದವಳಲ್ಲ. ಅಷ್ಟಕ ಹಾಡಿ, ಹ್ಹಾಂ ಎಂದು ಉಸಿರೆಳೆದು, ಸಾವಧಾನ ಎನ್ನುವಾಗ ಅಜ್ಜಿಯ ಕಣ್ಣು ತಪ್ಪಿಸಿ ತಂದ ಜೋಳವನ್ನು ತೂರುತ್ತಿದ್ದಳು. ನಾಲ್ಕು ದಿನದಲ್ಲಿ ನಮ್ಮ ಮನೆಯ ಕೋಳಿಗಳು ಕಲಿತವು. ಗಂಗಕ್ಕ ಉಸಿರೆಳೆದರೆ ಸಾಕು, ತಿಪ್ಪೆ ಬಿಟ್ಟು, ಬೇಲಿ ಹಾರಿ ಓಡಿ ಬರುತ್ತಿದ್ದವು. ಸಾವಧಾನ ಎನ್ನುವ ಹೊತ್ತಿಗೆ ಮದುಮಕ್ಕಳ ತಲೆಯ ಮೇಲೆಲ್ಲ ಕೋಳಿ. ಅಜ್ಜಿ ಬಂದು ಜೋಳ ಹಾಳು ಮಾಡಿದ್ದಕ್ಕೆ ಬೆನ್ನಿಗೆ ಬಡಿದಳು. ಅಕ್ಕನ ಬೆನ್ನಿಗಲ್ಲ, ನನ್ನ ಬೆನ್ನಿಗೆ. ನಾನು ಕೈ ಮೇಲೆತ್ತಿ ಟವೆಲು ಹಿಡಿದಿದ್ದೆನಲ್ಲ, ಓಡಲು ಆಗಲಿಲ್ಲ.

ಮುಂದೆ ನಿಜವಾದ ಮದುವೆಗಳಲ್ಲಿ ಹಾಡತೊಡಗಿದಳು. ಚಿಕ್ಕೋಡಿಯ ಬಾಬಾಲಾಲ ಚಾಚಾನ ಸ್ಪೀಕರ್ ಸೆಟ್ಟು. ತುತ್ತೂರಿಯಂಥ ಎರಡು ಕರ್ಣೆಗಳನ್ನು ಬೇವಿನ ಮರಕ್ಕೆ ಕಟ್ಟುತ್ತಿದ್ದ. ಪೆಂಡಾಲಿನ ಹಿಂದೆ ಕುಳಿತ ಗಂಡಸರು ಕಬ್ಬಿನ ಮಾತು, ಬೋರಿನ ಮಾತು, ಇಲ್ಲದವರ ಮಾತು ಆಡುತ್ತಿರುತ್ತಿದ್ದರು. ಅಷ್ಟಕದ ಒಂದಕ್ಷರವೂ ಅವರ ಕಿವಿಗೆ ಬೀಳುತ್ತಿರಲಿಲ್ಲ. ಕರ್ಣೆಯಿಂದ ಗಂಗಕ್ಕನ ಉಸಿರು ಬಂದದ್ದೇ ತಡ, ಮಾತು ಅರ್ಧಕ್ಕೆ ನಿಂತು ಕೈಗಳು ಮೇಲೇಳುತ್ತಿದ್ದವು. ಸನಾದಿಯವನು ಪೀಪಿ ತುಟಿಗಿಡುತ್ತಿದ್ದ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹೇಳುವಂಥದ್ದು ಎಂದು ಯಾರಿಗೂ ಹೊಳೆದೇ ಇರಲಿಲ್ಲ. ನನ್ನ ಮದುವೆಯಲ್ಲೂ ಪಟದ ಈಚೆ ನಿಂತು ಬೆವರುತ್ತಿದ್ದ ನನಗೆ ಅಷ್ಟಕ ನೆನಪಿಲ್ಲ, ಆ ಉಸಿರು ನೆನಪಿದೆ. ಈಗ ಮುಗಿಯಿತು ನನ್ನ ಕಥೆ ಎಂದುಕೊಂಡಿದ್ದೆ.

ಹೀಗಿರುವಾಗ ನನ್ನ ಮಗಳು ವಿದ್ಯಾಳ ಮದುವೆ ಕೂಡಿಬಂತು. ಗಂಡು ಶಿರಗುಪ್ಪಿಯವನು. ಹಾಲ್ ಹಿಡಿದೆವು, ಮಂಗಸೂಳಿಯ ಮಲ್ಲಯ್ಯ ದೇವರಿಗೆ ಮೊದಲ ಲಗ್ನಪತ್ರಿಕೆ ಇಟ್ಟು ಬಂದೆವು. ಅದೇ ಹೊತ್ತಿಗೆ ಗಂಗಕ್ಕನ ಗಂಟಲಲ್ಲಿ ಗಂಟು ಎಂದು ಮಿರಜಿನ ಡಾಕ್ಟರು ಹೇಳಿದರು. ಹೆದರುವಂಥದ್ದಲ್ಲ, ಆದರೆ ತೆಗೆಯಬೇಕು. ತೆಗೆದ ಮೇಲೆ ಕೆಲವು ವಾರ ಒಂದು ಪಿಸುಮಾತೂ ಆಡುವಂತಿಲ್ಲ. ಮಾತು ಮರಳುತ್ತದೆ, ಹಾಡಿನ ಭರವಸೆ ಕೊಡಲಾರೆ ಎಂದರು. ಆ ವಾರಗಳ ನಡುವೆಯೇ ಮದುವೆ.

ವಿದ್ಯಾ ಕೇಳಿ ಮುಖ ಊದಿಸಿದಳು. “ಅಪ್ಪಾ, ಪಟದ ಹಿಂದ ನಿಂತಾಗ ಏನೂ ಕಾಣೂದಿಲ್ಲ. ಅತ್ತೀ ದನಿನೂ ಕೇಳಸಲಿಲ್ಲಂದ್ರ ನಾ ಯಾರ ಮದಿವ್ಯಾಗ ನಿಂತೀನಿ ಅಂತ ನನಗ ಹ್ಯಾಂಗ ತಿಳಿಬೇಕು?”

ದಾರಿ ತೋರಿಸಿದವಳೂ ಅವಳೇ. ಆಪರೇಷನ್ನಿಗೆ ಮುಂಚೆ ಅತ್ತೆಯ ಅಷ್ಟಕವನ್ನು ರೆಕಾರ್ಡ್ ಮಾಡಿಸಿ, ಮದುವೆಯಲ್ಲಿ ಹಚ್ಚುವುದು. ಬಾಬಾಲಾಲ ಚಾಚಾನ ಮಗ ಸಮೀರ ಈಗ ಚಿಕ್ಕೋಡಿಯಲ್ಲಿ ಸ್ಟುಡಿಯೋ ಇಟ್ಟಿದ್ದಾನೆ. ಮದುವೆಯ ದಿನ ಹಾಲ್‌ನ ಸೌಂಡೂ ಅವನದೇ. ಗಂಗಕ್ಕನಿಗೆ ಹೇಳಿದೆ. “ಇದ ಕಡೀದು ಇದ್ರೂ ಇರಬಹುದಲ್ಲೋ,” ಎಂದಳು. ಅಷ್ಟು ಸಣ್ಣ ದನಿಯಲ್ಲಿ ಆಕೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸ್ಟುಡಿಯೋ ಎಂದರೆ ಮೇಲ್ಮಹಡಿಯ ಒಂದು ಕೋಣೆ, ಗೋಡೆಗೆಲ್ಲ ಕಪ್ಪು ಸ್ಪಂಜು. ಗಂಗಕ್ಕ ಒಳಗೆ ಹೋಗಿ ಗಾಜಿನ ಆಚೆ ನಿಂತಳು. ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಂದಿದ್ದಳು, ಯಾರೂ ನೋಡುವುದಿಲ್ಲವೆಂದು ಗೊತ್ತಿದ್ದೂ. ಕೈಯಲ್ಲಿ ಒಂದು ಮುಷ್ಟಿ ಜೋಳ ಹಿಡಿದಿದ್ದಳು. “ಕೈಯಾಗ ಕಾಳ ಇರಲಿಲ್ಲಂದ್ರ ಬಾಯಾಗ ಹಾಡ ಬರಂಗಿಲ್ಲ,” ಎಂದಳು. ಹಾಡಿದಳು. ವಿದ್ಯಾಳ ಹೆಸರು ಬಂದಾಗ ದನಿ ನಡುಗಿತು, ನಮ್ಮ ಅಜ್ಜಿಯ ಹೆಸರು ಬಂದಾಗ ಗಟ್ಟಿಯಾಯಿತು. ಗಾಜಿನ ಈಚೆ ನಾನು ಮೂಗು ಒರೆಸಿಕೊಂಡೆ. ಅಲ್ಲಿಗೆ ಎದ್ದು ಮನೆಗೆ ಹೋಗಿದ್ದರೆ ಎಲ್ಲರಿಗೂ ಚೆನ್ನಾಗಿರುತ್ತಿತ್ತು.

“ಈಗ ಸ್ವಲ್ಪ ತಯಾರ ಮಾಡೂಣ್ರಿ ಕಾಕಾ,” ಎಂದ ಸಮೀರ.

ಹುಡುಗ ಒಳ್ಳೆಯವನು, ಮರ್ಯಾದೆಯವನು. ಅದೇ ತೊಂದರೆ. ಕೆಟ್ಟವನಾಗಿದ್ದರೆ ಒಂದೇ ಮಾತಿಗೆ ಬೈದು ಮುಗಿಸಬಹುದಿತ್ತು. ಅವನು ಪರದೆಯ ಮೇಲೆ ಒಂದು ಗುಂಡಿ ತೆರೆದು ವಿನಯದಿಂದ ವಿವರಿಸಿದ. ಗಂಗಕ್ಕ ಅವನಿಗೆ ಮಾವಶಿ, ಅಂದರೆ ಚಿಕ್ಕಮ್ಮ. “ಮಾವಶೀ ದನಿ ಸ್ವಲ್ಪ ದಪ್ಪ ಐತ್ರಿ. ಇದು ಒಂದನೇ ಪ್ಲಗಿನ್, ತಳಾ ತಗದು ಮ್ಯಾಲಿಂದು ಚುರುಕ ಮಾಡತೈತಿ.” ದನಿ ಚುರುಕಾಯಿತು. ಕೂಡಲೇ ಶುಭದ ‘ಶು’, ಸಾವಧಾನದ ‘ಸಾ’ ಎರಡೂ ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಂತೆ ಚುಂಯ್ ಎಂದವು. “ಅದಕ್ಕ ಇದು ಎರಡನೇದು. ಚುಂಯ್ ಅನ್ನೂದು ಮೆತ್ತಗ ಮಾಡತೈತಿ.” ಮೆತ್ತಗಾಯಿತು. “ಮಾವಶಿ ಒಮ್ಮಿ ಜೋರ ಹಾಡ್ತಾರ, ಒಮ್ಮಿ ಸಣ್ಣಗ. ಇದು ಏರಿದ್ದು ಒತ್ತಿ, ಇಳದದ್ದು ಎತ್ತಿ, ಎಲ್ಲಾ ಒಂದ ಸಮ ಮಾಡತೈತಿ.” ಒಂದೇ ಸಮವಾಯಿತು, ಇಳಿದದ್ದನ್ನೆಲ್ಲ ಎತ್ತುವಾಗ ಅಕ್ಕನ ಉಸಿರನ್ನೂ ಎತ್ತಿತು. ಹೆಡ್‌ಫೋನಿನಲ್ಲಿ ಆ ಹ್ಹಾಂ ಕೇಳಿ ನಾನೇ ಬೆಚ್ಚಿದೆ, ಎಮ್ಮೆ ಬಂದು ಕಿವಿಯಲ್ಲಿ ಉಸಿರು ಬಿಟ್ಟಂತಿತ್ತು. “ನೋಡ್ರಿ, ಉಸರ ಎದ್ದ ನಿಂತೈತಿ. ಅದಕ್ಕ ಇದು ನಾಕನೇದು, ಉಸರ ತಗಿಯೂದು.”

ನನಗೆ ಇದೆಲ್ಲ ಎಲ್ಲೋ ಕಂಡ ಹಾಗೆ ಅನಿಸಿತು. ನಮ್ಮ ದ್ರಾಕ್ಷಿ ತೋಟ! ಒಂದು ರೋಗಕ್ಕೆ ಔಷಧ ಹೊಡೆದರೆ ಎಲೆ ಸುಡುತ್ತದೆ, ಎಲೆಗೆ ಇನ್ನೊಂದು ಹೊಡೆದರೆ ಕಾಯಿ ಬಿರಿಯುತ್ತದೆ, ಕಾಯಿಗೆ ಮತ್ತೊಂದು. ಮೊದಲ ರೋಗ ಇತ್ತೋ ಇಲ್ಲವೋ ಎಂದು ಕೊನೆಗೆ ಯಾರಿಗೂ ನೆನಪಿರುವುದಿಲ್ಲ. ಅಲ್ಲ ಸ್ವಾಮಿ, ಒಂದನೇ ಪ್ಲಗಿನ್ ಮಾಡಿದ ಗಾಯಕ್ಕೆ ಎರಡನೆಯದು ಮುಲಾಮು, ಮೂರನೆಯದು ಎಬ್ಬಿಸಿದ ದೆವ್ವಕ್ಕೆ ನಾಲ್ಕನೆಯದು ಮಂತ್ರವಾದಿ. ಒಂದನೆಯದನ್ನೇ ಹಚ್ಚದಿದ್ದರೆ ಏನು ಗಂಟು ಹೋಗುತ್ತಿತ್ತು? ಮೂಗಿಗಿಂತ ಮೂಗುತಿ ಭಾರ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಅವನು ನಿಲ್ಲಲಿಲ್ಲ. ಸ್ವರ ಸರಿ ಮಾಡುವ ಒಂದು ಬಂತು. ಅಜ್ಜಿಯಿಂದ ಇಳಿದು ಬಂದ ಆ ಜಾರು, ‘ಮಂಗಲ’ದಲ್ಲಿ ಒಂದು ಮೆಟ್ಟಿಲು ಇಳಿಯುವುದು, ಇಸ್ತ್ರಿ ಹೊಡೆದಂತೆ ಸಪಾಟಾಯಿತು. ಒಂದು ದನಿಯನ್ನು ಎರಡು ಮಾಡುವುದು ಬಂತು. ಕೊನೆಗೆ ಗುಂಯ್‌ಗುಟ್ಟಿಸುವುದು. ಎಲ್ಲ ಮುಗಿಸಿ, “ಕೇಳ್ರಿ ಮಾವಶಿ,” ಎಂದು ಗಂಗಕ್ಕನ ಕಿವಿಗೆ ಹೆಡ್‌ಫೋನ್ ಇಟ್ಟ.

ಗಂಗಕ್ಕ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಹೆಡ್‌ಫೋನ್ ತೆಗೆದು ನನ್ನ ಕಡೆ ತಿರುಗಿದಳು.

“ಚಲೋ ಹಾಡ್ಯಾಳ. ಯಾರೋ ಇಕಿ ಬಾಳ್ಯಾ?”

ತಮಾಷೆಗೆ ಕೇಳಿದ್ದಲ್ಲ. ನಿಜಕ್ಕೂ ಕೇಳಿದಳು. ನನ್ನ ಪಿತ್ತ ನೆತ್ತಿಗೇರಿತು.

“ನೀನ ಬೇ! ನೀನ ಹಾಡೀದಿ!”

“ನಾ ಅಲ್ಲ ಬಿಡೋ. ನನ್ನ ದನಿ ಇಷ್ಟ ಚಂದ ಎಲ್ಲೈತಿ?” ಎಂದು ನಕ್ಕಳು. ನಗುವಾಗ ಕೈ ತೆರೆದು ಮುಷ್ಟಿಯಲ್ಲಿದ್ದ ಜೋಳವನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡಳು. ನಾನು ಆ ಗಂಟನ್ನು ನೋಡಿದೆ. ಆಕೆಗೆ ನೋವಾಗಿತ್ತು. ಹೇಳುವವಳಲ್ಲ.

ನಾನು ಸಮೀರನ ಮೇಲೆ ಹಾರಿಹೋದೆ. “ಏನೋ ತಮ್ಮಾ, ನಾ ನಮ್ಮಕ್ಕನ್ನ ಕರಕೊಂಡ ಬಂದೀನಿ, ನೀ ಯಾರ್ನ ವಾಪಸ್ ಕೊಡಾಕತ್ತೀದಿ? ನಿಮ್ಮಪ್ಪನ ಕರ್ಣಿ ಕುಂಯ್ ಅಂತಿತ್ತು, ಖರೆ. ಆದ್ರ ಹಾಡಾವ್ರನ್ನ ಬದಲ ಮಾಡ್ತಿರಲಿಲ್ಲ!”

ಸಮೀರನ ಮುಖ ಕೆಂಪಾಯಿತು, ಆದರೂ ಅವನು ಸೋಲುವ ಪೈಕಿ ಅಲ್ಲ. “ಸಿಟ್ಟ ಮಾಡಬ್ಯಾಡ್ರಿ ಕಾಕಾ. ನೀವು ದ್ರಾಕ್ಷಿ ಗೊನಿ ಪೆಟ್ಟಿಗ್ಯಾಗ ಹಾಕೂ ಮುಂದ ಸಣ್ಣ ಕಾಳ, ಒಡದ ಕಾಳ ಕತ್ರಿಲೇ ತಗೀತೀರಿಲ್ರಿ? ನಾ ಮಾಡಿದ್ದೂ ಅದ ಅಲ್ರಿ?”

ಉತ್ತರ ಇಲ್ಲದಾಗ ನಾನು ಇನ್ನೂ ಜೋರಾಗಿ ಮಾತಾಡುತ್ತೇನೆ, ಇದು ಬಳಗಕ್ಕೆಲ್ಲ ಗೊತ್ತಿರುವ ಸಂಗತಿ. ಗುಂಯ್‌ಗುಟ್ಟುವುದನ್ನು ತೆಗೆಸಿದೆ. ಎರಡು ದನಿಯನ್ನು ಒಂದು ಮಾಡಿಸಿದೆ. ಅಜ್ಜಿಯ ಜಾರನ್ನು ಮರಳಿ ತಾ ಎಂದು ಮೇಜು ಗುದ್ದಿದೆ, ಅರ್ಧ ತಂದ. ಅಷ್ಟರಲ್ಲಿ ಫೋನಿನಲ್ಲಿ ಕೇಳಿದ ವಿದ್ಯಾ, “ಅಪ್ಪಾ, ಚಂದ ಬಂದೈತಿ, ಇನ್ನ ಕೆಡಸಬ್ಯಾಡ,” ಎಂದಳು. ಗಂಗಕ್ಕನೂ, “ಹುಡುಗೀ ಮನಸಿಗೆ ಬಂದೈತಲ್ಲ, ಸಾಕ ನಡಿ,” ಎಂದಳು. ಗೆದ್ದವನ ಹಾಗೆ ಮೀಸೆ ತೀಡುತ್ತ ಮೆಟ್ಟಿಲಿಳಿದೆ. ಉಸಿರಿನ ಮಾತು ಯಾರೂ ಎತ್ತಲಿಲ್ಲ. ನಾನಿಲ್ಲ, ವಿದ್ಯಾ ಇಲ್ಲ, ಉಸಿರಿನ ಒಡತಿಯೂ ಇಲ್ಲ. ತಾನು ಉಸಿರಾಡುವುದು ಯಾರಿಗೆ ತಾನೇ ಕೇಳಿಸುತ್ತದೆ?

ಈಗ ಎಲ್ಲ ಕಡೆ ಇದೇ ಹಾವಳಿ ನೋಡಿ. ಬೆಲ್ಲವನ್ನೇ ತೆಗೆದುಕೊಳ್ಳಿ. ನಮ್ಮ ಕಡೆಯ ಬೆಲ್ಲ ಕಂದು, ಕಬ್ಬಿನ ಬಣ್ಣ ಅದು. ಪೇಟೆಯವರಿಗೆ ಹಳದಿ ಬೇಕಂತೆ, ಅದಕ್ಕೆ ಪುಡಿ ಹಾಕಿ ಹೊಳಪು ಬರಿಸುತ್ತಾರೆ. ರುಚಿ ಎಲ್ಲಿ ಹೋಯಿತು ಎಂದು ಕೇಳಿದರೆ ಬಣ್ಣ ನೋಡ್ರಿ ಎನ್ನುತ್ತಾರೆ. ಫೋಟೋದವನೂ ಅಷ್ಟೆ. ವಿದ್ಯಾಳ ಸಾಖರಪುಡಾದಲ್ಲಿ, ಅಂದರೆ ನಿಶ್ಚಿತಾರ್ಥದಲ್ಲಿ, ತೆಗೆದ ನನ್ನ ಫೋಟೋದಲ್ಲಿ ಕೆನ್ನೆಯ ಮೇಲಿನ ಹಳೆಯ ಗಾಯದ ಗುರುತೇ ಇಲ್ಲ. ಎತ್ತು ಇರಿದ ಗುರುತು ಅದು, ಅದನ್ನು ತೋರಿಸಿ ಎಷ್ಟು ಜನರಿಗೆ ಎಷ್ಟು ಥರ ಕಥೆ ಹೇಳಿದ್ದೇನೆ! ಈಗ ಆ ಫೋಟೋ ಹಿಡಿದು ನಾನು ಏನು ಹೇಳಲಿ, ಎತ್ತು ಇರಿಯಲಿಲ್ಲ, ಮುತ್ತು ಕೊಟ್ಟಿತು ಎನ್ನಲೇ?

ಆಪರೇಷನ್ ಸುಸೂತ್ರವಾಯಿತು. ಗಂಗಕ್ಕ ಮೌನವಾದಳು. ಮೌನ ಎಂದರೆ ಬಾಯಿ ಮಾತ್ರ. ಕೈಯಿಂದ ಮೊದಲಿಗಿಂತ ಹೆಚ್ಚು ಬೈಯತೊಡಗಿದಳು. ಕರೆಯಬೇಕಾದರೆ ಚಪ್ಪಾಳೆ, ಸಿಟ್ಟು ಬಂದರೆ ತಾಟಿಗೆ ಚಮಚದ ಬಡಿತ. ಆದರೆ ಮದುವೆ ಹತ್ತಿರ ಬಂದಂತೆ ಕೈಯೂ ನಿಂತಿತು. ಅರಿಶಿನದ ದಿನ ಹೆಂಗಸರೆಲ್ಲ ಹಾಡುವಾಗ ಒಳಗಿನ ಕೋಣೆಗೆ ಹೋಗಿ ಕುಳಿತಿದ್ದಳು.

ಮದುವೆಯ ದಿನ ಹಾಲ್ ಕಿಕ್ಕಿರಿದಿತ್ತು. ಶಿರಗುಪ್ಪಿಯ ಬೀಗರು, ಅವರ ಸಾಂಗಲಿ ಕಡೆಯ ನೆಂಟರು, ನಮ್ಮ ಎಲ್ಲ ಊರುಗಳ ಬಳಗ. ಎಲ್ಲರ ಮುಷ್ಟಿಯಲ್ಲೂ ಕಾಳು. ಪಟ ಹಿಡಿದರು. ಗಂಗಕ್ಕನನ್ನು ಎದುರಿನ ಸಾಲಿನಲ್ಲಿ ಕೂರಿಸಿದ್ದೆವು. ಭಟ್ಟರು ಸನ್ನೆ ಮಾಡಿದರು, ಮೂಲೆಯಲ್ಲಿ ಕುಳಿತ ಸಮೀರ ಗುಂಡಿ ಒತ್ತಿದ.

ಹಾಡು ಬಂತು. ಚೆನ್ನಾಗಿತ್ತು. ನಯವಾಗಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಬಾಚಿದ ಹಾಗಿತ್ತು. ಜನ ಮಾತಾಡುತ್ತಲೇ ಇದ್ದರು. ಮೊದಲ ನುಡಿ ಮುಗಿದು ‘ಶುಭಮಂಗಲ ಸಾವಧಾನ’ ಬಂದು, ಹೋಯಿತು. ಒಂದು ಕಾಳು ಬೀಳಲಿಲ್ಲ.

ಭಟ್ಟರು ತಲೆಯೆತ್ತಿ ನೋಡಿದರು. ಯಾರೋ ನಾಲ್ಕು ಜನ ಗಡಬಡಿಸಿ ತೂರಿದರು, ಆ ಹೊತ್ತಿಗೆ ಎರಡನೆಯ ನುಡಿ ಅರ್ಧಕ್ಕೆ ಬಂದಿತ್ತು. ಅವರು ತೂರಿದ್ದನ್ನು ನೋಡಿ ಇನ್ನು ಹತ್ತು ಜನ ತೂರಿದರು. ಹಲಗಿಯವನು ಮುಗಿಯಿತೆಂದು ಒಂದು ಏಟು ಬಡಿದು, ನಾಲಿಗೆ ಕಚ್ಚಿಕೊಂಡು ನಿಲ್ಲಿಸಿದ. ಎರಡನೆಯ ಸಾವಧಾನಕ್ಕೂ ಕಾಳಿಲ್ಲ. ಹಿಂದಿನಿಂದ ನಮ್ಮ ರಾಯಬಾಗದ ಮಾವ ಕೂಗಿದ: “ಅಲ್ಲೋ ಬಾಳಪ್ಪಾ, ರೇಡಿಯೋ ಬಂದ್ ಮಾಡ್ಸೋ, ಗಂಗಾ ಹಾಡೂದು ಕೇಳಸವಲ್ದು!”

ಗಂಗಾ ಹಾಡುವುದು ಕೇಳಿಸುತ್ತಿಲ್ಲವಂತೆ! ನಾನು ಕೋಟಿನೊಳಗೆ ಬೆಂದುಹೋದೆ. ಪಟದ ಮೇಲಿಂದ ವಿದ್ಯಾಳ ಹಣೆ, ಬಾಸಿಂಗ ಕಾಣುತ್ತಿದ್ದವು. ಬಾಸಿಂಗ ಅತ್ತಿತ್ತ ತಿರುಗುತ್ತಿತ್ತು. ಹುಡುಗಿ ಹುಡುಕುತ್ತಿದ್ದಳು. ಆಗ ನನಗೆ ಹೊಳೆಯಿತು. ಇಷ್ಟೂ ಜನ ಕಾಯುತ್ತಿರುವುದು ಸಾವಧಾನಕ್ಕಲ್ಲ, ಅದರ ಮುಂಚಿನ ಹ್ಹಾಂಗೆ. ನಮ್ಮ ಹಿತ್ತಲಿನ ಕೋಳಿಗಳಿಗೆ ಗೊತ್ತಿದ್ದ ಸಂಗತಿ ಆ ನಾಲ್ಕನೇ ಪ್ಲಗಿನ್ನಿಗೆ ಗೊತ್ತಿರಲಿಲ್ಲ. ಅದು ಕಸವೆಂದು ಗುಡಿಸಿ ಹಾಕಿದ್ದೇ ಮದುವೆಯ ಕೀಲಿ! ಸಮೀರನ ಕಡೆ ನೋಡಿದೆ. ಅವನು ಗುಂಡಿಗಳನ್ನು ತಿರುವುತ್ತಿದ್ದ, ದನಿ ದೊಡ್ಡದಾಗುತ್ತಿತ್ತು, ಅಷ್ಟೆ. ಮೂರನೆಯ, ಕೊನೆಯ ನುಡಿ ಶುರುವಾಗಿತ್ತು. ಭಟ್ಟರು ಗಡಿಯಾರ ನೋಡುತ್ತಿದ್ದರು. ಇದೂ ತಪ್ಪಿದರೆ ಕಾಳು ಬೀಳದೆ ಪಟ ಸರಿಯಬೇಕು, ನನ್ನ ಮಗಳ ಮದುವೆ ಸದ್ದಿಲ್ಲದೆ ಆಗಿಹೋಗಬೇಕು.

ಗಂಗಕ್ಕ ಎದ್ದಳು.

“ಅಕ್ಕಾ, ಬ್ಯಾಡ! ಡಾಕ್ಟರ್ ಬ್ಯಾಡಂದಾರ!” ಎಂದು ಓಡಿದೆ. ನನ್ನನ್ನು ಒಂದು ನೋಟ ನೋಡಿದಳು. ಟವೆಲು ಹಿಡಿದು ನಿಂತ ಬಾಳ್ಯಾ ಕೈ ಇಳಿಸಿದರೆ ನೋಡುತ್ತಿದ್ದಳಲ್ಲ, ಅದೇ ನೋಟ. ನಾನು ಅಲ್ಲೇ ನಿಂತೆ. ಭಟ್ಟರ ಮುಂದಿನ ಮೈಕನ್ನು ಬಾಯಿಗೆ ತಂದುಕೊಂಡಳು. ಸ್ಪೀಕರಿನಲ್ಲಿ ಆಕೆಯದೇ ಹಾಡು ಹೋಗುತ್ತಿತ್ತು, ವಿದ್ಯಾಳ ಹೆಸರು ಬಂತು, ಊರಿನ ಹೆಸರು ಬಂತು. ಕಣ್ಣು ಮುಚ್ಚಿ ಕಾದಳು. ಎಲ್ಲಿ ಬೇಕೋ ಅಲ್ಲಿ, ಹೊಟ್ಟೆಯ ತಳದಿಂದ ಉಸಿರೆಳೆದಳು.

ಹ್ಹಾಂ!

ಹಾಲ್‌ನ ಮಾತೆಲ್ಲ ಕತ್ತರಿಸಿದಂತೆ ನಿಂತಿತು. ಅಷ್ಟೂ ಕೈಗಳು ಮೇಲೆದ್ದವು. ಸ್ಪೀಕರ್ ‘ಶುಭಮಂಗಲ ಸಾವಧಾನ’ ಎನ್ನುವುದಕ್ಕೂ ಕಾಳು ಬೀಳುವುದಕ್ಕೂ ಸರಿಹೋಯಿತು. ಮೂರೂ ನುಡಿಯ ಕಾಳು ಉಳಿದಿತ್ತಲ್ಲ ಎಲ್ಲರ ಮುಷ್ಟಿಯಲ್ಲಿ, ಆ ಮಳೆಗೆ ಭಟ್ಟರು ಪಂಚಾಂಗವನ್ನು ತಲೆಗೆ ಅಡ್ಡ ಹಿಡಿದರು. ಸನಾದಿ, ಹಲಗಿ, ಪಟ ಸರಿದದ್ದು, ಎಲ್ಲ ಒಟ್ಟಿಗೆ. ಪಟದ ಆಚೆಯಿಂದ ವಿದ್ಯಾ ಗಂಡನ ಮುಖ ನೋಡಲಿಲ್ಲ. ತಿರುಗಿ ಅತ್ತೆಯನ್ನು ನೋಡಿದಳು, ಕಣ್ಣಲ್ಲಿ ಧಾರಾಕಾರ ನೀರು. ನನ್ನ ಕೋಟಿನ ಕಿಸೆಗೆ ಆ ಕಾಳು ಹೊಕ್ಕದ್ದು ಆಗಲೇ ಇರಬೇಕು.

ಊಟದ ಹೊತ್ತಿಗೆ ಸಮೀರನನ್ನು ಹಿಡಿದು ಮನಸಾರೆ ಬೈದೆ. ಬೈಸಿಕೊಂಡ. ಬಡಿಸುತ್ತಿದ್ದ ನನ್ನ ಹೆಂಡತಿ ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, “ತಿನ್ನು ತಮ್ಮಾ, ಇವರು ನನಗ ದಿನಾ ಹಿಂಗ ಬೈತಾರ,” ಎಂದಳು.

ಗಂಗಕ್ಕನ ಮಾತು ಮರಳಿದೆ, ಇನ್ನೂ ಒರಟಾಗಿ. ಬೈಯಲು ಧಾರಾಳ ಸಾಕು. ಹಾಡು ಮರಳಲಿಲ್ಲ. ಎರಡು ಸಾಲು ಎಳೆದು ಕೆಮ್ಮಿ ನಿಲ್ಲಿಸುತ್ತಾಳೆ, ಮುಖ ಆಚೆ ತಿರುಗಿಸುತ್ತಾಳೆ. ನಾನು ಆಗ ದ್ರಾಕ್ಷಿಯ ಮಾತು ತೆಗೆಯುತ್ತೇನೆ.

ಮುಂದಿನ ವಾರ ರಾಯಬಾಗದಲ್ಲಿ ಮಾವನ ಮೊಮ್ಮಗಳ ಮದುವೆ. ಕೋಟು ಹೊರಬಂದದ್ದು ಅದಕ್ಕೇ. ಹಾಡು ಅದೇ ರೆಕಾರ್ಡಿನದು. ಹೆಸರುಗಳಿರುವ ಸಾಲುಗಳನ್ನಷ್ಟೇ ಸಮೀರ ಕತ್ತರಿಸಿ ತೆಗೆದಿದ್ದಾನೆ. ಇವತ್ತು ಬೆಳಿಗ್ಗೆ ಅವನು ಭೋಜಿಗೇ ಬಂದಿದ್ದ, ನಾನೂ ಅಲ್ಲಿದ್ದೆ. ಹುಡುಗನ ಮುಖದಲ್ಲಿ ಏನೋ ದೊಡ್ಡ ಕಾಣಿಕೆ ತಂದ ಉತ್ಸಾಹ. ಲ್ಯಾಪ್‌ಟಾಪ್ ತೆರೆದು ಗಂಗಕ್ಕನ ಮುಂದಿಟ್ಟ.

“ಮಾವಶಿ, ಎಲ್ಲಾ ಪ್ಲಗಿನ್ ತಗದೀನ್ರಿ. ಅವತ್ತ ನೀವು ಹಾಡಿದ್ದು ಹ್ಯಾಂಗಿತ್ತೋ ಹಾಂಗ ಐತಿ. ಉಸರೂ ವಾಪಸ್ ಹಾಕೀನಿ, ಕೇಳ್ರಿ.”

ನನಗೆ ಸಂತೋಷವಾಯಿತು, ಬಾಯಿ ತೆರೆದು ಹೇಳುವುದರಲ್ಲಿದ್ದೆ. ಗಂಗಕ್ಕ ಪೂರ್ತಿ ಕೇಳಿದಳು. ಈ ಸಲ ಯಾರು ಹಾಡಿದ್ದು ಎಂದು ಕೇಳಲಿಲ್ಲ. ಜಾರು ಬಂದಾಗ ತಲೆದೂಗಿದಳು. ಉಸಿರು ಬಂದಾಗ ಮಾತ್ರ ಹುಬ್ಬು ಗಂಟಿಕ್ಕಿದಳು.

“ಹಾಡ ಇರಲಿ,” ಎಂದಳು. “ಉಸರ ತಗಿ.”

“ಯಾಕ್ರಿ ಮಾವಶಿ? ಅದಕ್ಕ ಅಲ್ರಿ ಅಷ್ಟ ಗದ್ದಲ ಆಗಿದ್ದು?” ಸಮೀರ ನನ್ನ ಮುಖ ನೋಡಿದ.

“ತಗಿ ಅಂದ್ನೆಲ್ಲೋ!” ಸಿಟ್ಟು ನಮ್ಮ ಮನೆತನದ್ದು, ನನಗೊಬ್ಬನಿಗೇ ಬಂದದ್ದಲ್ಲ. “ಮೈಕಿನ ಬಾಜೂಕ ನನಗೊಂದ ಕುರ್ಚಿ ಹಾಕ್ಸು. ಉಸರ ಹಾಕಾಕ ನಿನ್ನ ಪೆಟ್ಟಿಗಿ ಯಾಕ ಬೇಕಲೇ? ನಾ ಇನ್ನೂ ಜೀವಂತ ಅದೀನಿ.”